ಐಸಿಯುನಲ್ಲಿ ಅಪ್ಪನಿಗೆ ರಾತ್ರಿ ನಿದ್ದೆಯೇ ಇಲ್ಲ. ನಿದ್ದೆಯ ಇಂಜೆಕ್ಷನ್ ಏಕೆ ಕೊಡುತ್ತಿಲ್ಲ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು, ಬೀಡಿ ಸೇದುವ ಚಟವೂ ಇತ್ತು. ದಮ್ಮು ಹೆಚ್ಚಾಗಿ ಆರು ದಿನಗಳಿಂದ ರಾಯಚೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ. ಉಸಿರಾಟಕ್ಕೆ ನೆರವಾಗಲು ಗಾಳಿ ಊದುವ ಬೈಪ್ಯಾಪ್ ಯಂತ್ರದ ಮಾಸ್ಕನ್ನು ಮುಖಕ್ಕೆ ಹಾಕುತ್ತಾರೆ. ಮೂರನೆಯ ದಿನದಿಂದ ರಾತ್ರಿಯಿಡೀ ಎಚ್ಚರವಾಗಿದ್ದು ಹಗಲು ತೂಕಡಿಸುತ್ತಾರೆ. ರಾತ್ರಿ "ಲಾಭ, ಎರಡು, ಮೂರು" ಎಂದು ಚೀಲ ಎಣಿಸುತ್ತಾರೆ, ಮಾಸ್ಕ್ ಕಿತ್ತೆಸೆಯುತ್ತಾರೆ, ತೀರಿಹೋದ ನಮ್ಮ ದೊಡ್ಡಪ್ಪ ಕಾಲ ಬಳಿ ಬಂದು ಕೂತಿದ್ದಾನೆ ಎನ್ನುತ್ತಾರೆ. ನಿದ್ದೆಯ ಇಂಜೆಕ್ಷನ್ ಕೊಡಿ ಎಂದು ಕೇಳಿದರೆ ವೈದ್ಯರು ಒಪ್ಪುತ್ತಿಲ್ಲ. ಊರಿನವರು ಗಾಳಿ ಸೋಕಿದೆ ಎನ್ನುತ್ತಿದ್ದಾರೆ. ನಾವೇನು ಮಾಡಬೇಕು?

ಉತ್ತರ: ಇಂಜೆಕ್ಷನ್ ಕೊಡಲು ಒಪ್ಪದ ವೈದ್ಯರು ನಿಮ್ಮ ತಂದೆಯವರ ಒಳಿತನ್ನೇ ನೋಡುತ್ತಿದ್ದಾರೆಂದು ನನಗೆ ಅನ್ನಿಸುತ್ತದೆ. ಆದರೆ ಏಕೆ ಕೊಡುವುದಿಲ್ಲ ಎಂಬುದನ್ನು ಅವರು ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು. ಐಸಿಯು ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಕಾಯುವವರಿಗೆ ಆ ಐದು ನಿಮಿಷದ ಮಾತು ಸಿಗದಿರುವುದು ನಮ್ಮ ವೃತ್ತಿಯ ಹಳೆಯ ಕೊರತೆ.

ಮೊದಲು ಗಾಳಿಯ ಮಾತು. ನಿಮ್ಮ ತಂದೆಯವರ ಸ್ಥಿತಿಯನ್ನು ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರು, ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ದೇಹಕ್ಕೆ ದೊಡ್ಡ ಕಾಯಿಲೆ ಬಂದಾಗ ಮೆದುಳು ಕೆಲವು ದಿನ ಹೊತ್ತು, ಜಾಗ, ಜನರ ಲೆಕ್ಕ ತಪ್ಪುತ್ತದೆ. ಕಂಡದ್ದನ್ನು ಇನ್ನೊಂದಾಗಿ, ಕೇಳಿದ್ದನ್ನು ಮತ್ತೊಂದಾಗಿ ತಿಳಿಯುತ್ತದೆ. ಅವರು ಚೀಲ ಎಣಿಸುತ್ತಾರೆಂದು ಓದಿದಾಗ ನನಗೆ ಮೊದಲು ನೆನಪಾದದ್ದು ಮಾನಿಟರಿನ ಸದ್ದು. ನಾಡಿ ಮಿಡಿದಂತೆಲ್ಲ ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಆ ಸದ್ದು, ಮೂವತ್ತು ವರ್ಷ ತೂಕದ ಕಲ್ಲಿನ ಪಕ್ಕ ನಿಂತು "ಲಾಭ, ಎರಡು, ಮೂರು" ಎಂದು ಎಣಿಸಿದ ಮನುಷ್ಯನಿಗೆ ಅರೆನಿದ್ದೆಯಲ್ಲಿ ಚೀಲ ಇಳಿಯುವ ಸದ್ದಾಗಿ ಕೇಳಿಸಿದರೆ ಆಶ್ಚರ್ಯವೇನಿಲ್ಲ. ಇದು ಹುಚ್ಚಲ್ಲ, ಗಾಳಿಯೂ ಅಲ್ಲ. ಮನೆಯವರ ಸಮಾಧಾನಕ್ಕೆ ಮಂತ್ರಾಲಯದ ಮಂತ್ರಾಕ್ಷತೆಯನ್ನೋ ದರ್ಗಾದ ದಾರವನ್ನೋ ಸಿಸ್ಟರ್ ಅನುಮತಿ ಪಡೆದು ದಿಂಬಿನ ಬಳಿ ಇಟ್ಟರೆ ನನ್ನ ತಕರಾರಿಲ್ಲ. ಆದರೆ ಆಮ್ಲಜನಕ ಹರಿಯುತ್ತಿರುವ ಜಾಗದಲ್ಲಿ ಊದುಬತ್ತಿ, ಕರ್ಪೂರ, ದೀಪ ಯಾವುದನ್ನೂ ಹಚ್ಚಬಾರದು. ಬೆಂಕಿ ಹತ್ತಿದರೆ ಇಡೀ ವಾರ್ಡು ಅಪಾಯಕ್ಕೆ ಸಿಗುತ್ತದೆ.

ಇನ್ನು ಇಂಜೆಕ್ಷನ್. ಔಷಧ ಕೊಟ್ಟು ಕಣ್ಣು ಮುಚ್ಚಿಸುವುದೂ ನಿದ್ದೆಯೂ ಒಂದೇ ಅಲ್ಲ. ಸಹಜ ನಿದ್ದೆಯಲ್ಲಿ ಮೆದುಳು ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ತೆಳು ನಿದ್ದೆಯಿಂದ ಗಾಢ ನಿದ್ದೆಗೆ ಇಳಿದು, ಕನಸಿನ ನಿದ್ದೆಗೆ ಬಂದು, ಮತ್ತೆ ಹಾಗೆಯೇ ಸುತ್ತು ಹಾಕುತ್ತದೆ. ನಿದ್ದೆಯ ಇಂಜೆಕ್ಷನ್ನಾಗಿ ಕೊಡುವ ಮಿಡಜೋಲಾಮ್, ಲೊರಾಜೆಪಾಮ್ ಗುಂಪಿನ ಔಷಧಗಳು ಈ ಗಾಢ ನಿದ್ದೆಯನ್ನೂ ಕನಸಿನ ನಿದ್ದೆಯನ್ನೂ ಕುಗ್ಗಿಸುತ್ತವೆ. ಹೊರಗಿನಿಂದ ನೋಡುವವರಿಗೆ ರೋಗಿ ಮಲಗಿದಂತೆ ಕಾಣುತ್ತದೆ, ಒಳಗೆ ಮೆದುಳಿಗೆ ಬೇಕಾದದ್ದು ಸಿಕ್ಕಿರುವುದಿಲ್ಲ, ಸನ್ನಿಯೂ ಹೆಚ್ಚಾಗಬಹುದು. ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ. ಹಳೆಯ ದಮ್ಮಿನಿಂದ ಶ್ವಾಸಕೋಶ ಸವೆದವರಲ್ಲಿ ಈ ಔಷಧಗಳು ಉಸಿರಾಟದ ವೇಗವನ್ನು ತಗ್ಗಿಸುತ್ತವೆ, ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಕೂಡಿಕೊಳ್ಳುತ್ತದೆ, ರೋಗಿ ಮಂಪರಿಗೆ ಜಾರುತ್ತಾನೆ, ಕೊನೆಗೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕಾಗುತ್ತದೆ. ಬೈಪ್ಯಾಪ್ ಹಾಕಿರುವುದೇ ಆ ಸ್ಥಿತಿ ಬಾರದಿರಲಿ ಎಂದು.

ಇದೇ ಕಾರಣಕ್ಕೆ ಅವರ ಹಗಲಿನ ತೂಕಡಿಕೆಯನ್ನು "ರಾತ್ರಿ ನಿದ್ದೆಗೆಟ್ಟಿದ್ದಾರೆ, ಮಲಗಲಿ ಬಿಡಿ" ಎಂದು ಬಿಟ್ಟುಬಿಡುವಂತಿಲ್ಲ. ಕರೆದರೆ ಓಗೊಡದಷ್ಟು ಮಂಪರು, ಬೆಳಗಿನ ಹೊತ್ತಿನ ತಲೆನೋವು, ಚಾಚಿದ ಕೈ ಮಣಿಕಟ್ಟಿನಲ್ಲಿ ಪಟಪಟನೆ ಬೀಳುವುದು, ಇವು ಇಂಗಾಲದ ಡೈಆಕ್ಸೈಡ್ ಏರುತ್ತಿರುವುದರ ಗುರುತುಗಳಾಗಿರಬಹುದು. ಕಂಡ ಕೂಡಲೇ ಸಿಸ್ಟರಿಗೆ ಹೇಳಬೇಕು. ಅಪಧಮನಿಯ ರಕ್ತ ತೆಗೆದು ಪರೀಕ್ಷಿಸಿದರೆ ನಿಮಿಷಗಳಲ್ಲಿ ತಿಳಿಯುತ್ತದೆ. ಸಕ್ಕರೆ ಅಥವಾ ಸೋಡಿಯಂ ಇಳಿಯುವುದು, ಹೊಸ ಸೋಂಕು ಹತ್ತುವುದು, ಮೂತ್ರ ಕಟ್ಟುವುದು, ನಾಲ್ಕು ದಿನದಿಂದ ಮಲವಿಸರ್ಜನೆ ಆಗದೆ ಹೊಟ್ಟೆ ಬಿಗಿದಿರುವುದು, ಇವೆಲ್ಲವೂ ಮುದುಕರನ್ನು ರಾತ್ರಿಯಿಡೀ ಹೊರಳಾಡಿಸುತ್ತವೆ. ಕೊನೆಯದನ್ನು ಕೇಳಲು ಯಾರಿಗೂ ನೆನಪಿರುವುದಿಲ್ಲ, ನೀವೇ ಕೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ ಮಾತೆಂದರೆ "ಮೂರನೆಯ ದಿನದಿಂದ" ಎಂಬುದು. ರಾಯಚೂರು ಜಿಲ್ಲೆಯಲ್ಲಿ ಕೆಲಸ ಮಾಡುವ ವೈದ್ಯರು ಇಂಥಲ್ಲಿ ಮುಜುಗರವಾದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಅವರು ಕುಡಿಯುತ್ತಿದ್ದರೇ? ಸಾರಾಯಿ, ವಿಸ್ಕಿಯನ್ನಷ್ಟೇ ನಾನು ಕೇಳುತ್ತಿಲ್ಲ. ನಮ್ಮ ಭಾಗದಲ್ಲಿ ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಸೇಂದಿ ಹಳ್ಳಿಹಳ್ಳಿಗೆ ತಲುಪುತ್ತದೆ; ಆ ಪೌಡರ್ ಸ್ವತಃ ಒಂದು ನಿದ್ದೆಯ ಔಷಧ. ದಿನವೂ ಅದನ್ನು ಕುಡಿದವರಿಗೆ ಆಸ್ಪತ್ರೆಗೆ ಸೇರಿದ ಮೇಲೆ ಏಕಾಏಕಿ ಸಿಗದಂತಾದರೆ ಎರಡು ಮೂರು ದಿನಗಳಲ್ಲಿ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಇಲ್ಲದವರು ಕಾಣಿಸುತ್ತಾರೆ, ಫಿಟ್ಸ್ ಕೂಡ ಬರಬಹುದು. ಮೆಡಿಕಲ್ ಅಂಗಡಿಯಿಂದ ವರ್ಷಗಟ್ಟಲೆ ನಿದ್ದೆಯ ಮಾತ್ರೆಯಾದ ಆಲ್‌ಪ್ರಾಜೋಲಾಮ್ ತಂದು ನುಂಗುತ್ತಿದ್ದವರಲ್ಲಿಯೂ ಹೀಗೆಯೇ. ಇಂಥವರಿಗೆ ಮಾತ್ರ ಮೇಲೆ ಬೇಡವೆಂದ ಗುಂಪಿನ ಔಷಧವೇ ಅಳೆದು ತೂಗಿ ಕೊಡಬೇಕಾದ ಚಿಕಿತ್ಸೆಯಾಗುತ್ತದೆ. ಆದ್ದರಿಂದ ಸೇಂದಿ, ಮಾತ್ರೆ, ಬೀಡಿ, ಎಲೆಯಡಿಕೆಯೊಡನೆ ಹಾಕುವ ತಂಬಾಕು, ಯಾವುದನ್ನೂ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ನಾಲ್ಕು ಜನರೆದುರು ಹೇಳಲು ಸಂಕೋಚವಾದರೆ ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳಿ, ಆದರೆ ಇಂದೇ ಹೇಳಿ.

ಹಾಗೇನೂ ಇಲ್ಲವೆಂದಾದರೆ ಉಳಿಯುವ ಪ್ರಶ್ನೆ, ಐಸಿಯುನಲ್ಲಿ ನಿದ್ದೆ ಏಕೆ ಬರುವುದಿಲ್ಲ ಎಂಬುದು. ಬರುವುದೇ ಇಲ್ಲ ಎನ್ನುವುದು ಸರಿಯಲ್ಲ, ಬಂದದ್ದು ಚೂರುಚೂರಾಗುತ್ತದೆ. ರೋಗಿಯ ತಲೆಗೆ ತಂತಿಗಳನ್ನು ಅಂಟಿಸಿ ಮೆದುಳಿನ ಅಲೆಗಳನ್ನು ಇಪ್ಪತ್ನಾಲ್ಕು ಗಂಟೆ ದಾಖಲಿಸಿದ ಅಧ್ಯಯನಗಳಲ್ಲಿ ಒಟ್ಟು ನಿದ್ದೆ ಏಳೆಂಟು ಗಂಟೆ ಸಿಕ್ಕಿರುವುದುಂಟು, ಆದರೆ ಅದರಲ್ಲಿ ಅರ್ಧದಷ್ಟು ಹಗಲಿನದು, ಒಂದೊಂದು ತುಣುಕೂ ಹತ್ತಿಪ್ಪತ್ತು ನಿಮಿಷದ್ದು. ಗಾಢ ನಿದ್ದೆಗೆ ಇಳಿಯುವ ಮೊದಲೇ ಏನೋ ಒಂದು ಎಬ್ಬಿಸಿಬಿಟ್ಟಿರುತ್ತದೆ.

ಏನು ಎಬ್ಬಿಸುತ್ತದೆ ಎಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಎಂಟು ಹಾಸಿಗೆಯ ಐಸಿಯುನಲ್ಲಿ ಒಂದು ರಾತ್ರಿ ವೈದ್ಯನಾಗಿ ಓಡಾಡದೆ ಮೂರನೆಯ ಹಾಸಿಗೆಯ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಬೆಳಗಿನವರೆಗೆ ಸುಮ್ಮನೆ ಕುಳಿತೆ. ಹನ್ನೊಂದೂವರೆಗೆ ರೋಗಿಯ ಕಣ್ಣು ಹತ್ತಿತು. ಹನ್ನೆರಡಕ್ಕೆ ಜ್ವರ ನೋಡಿದರು. ಹನ್ನೆರಡೂ ಕಾಲಿಗೆ ಬಿಪಿ ಪಟ್ಟಿ ತಾನಾಗಿಯೇ ಉಬ್ಬಿ ತೋಳು ಹಿಸುಕಿತು. ಬೆಳಿಗ್ಗೆ ಬಿಪಿ ಇಳಿದಿದ್ದಾಗ ಹದಿನೈದು ನಿಮಿಷಕ್ಕೊಮ್ಮೆ ಎಂದು ಇಟ್ಟದ್ದನ್ನು, ಬಿಪಿ ಸರಿಹೋದ ಮೇಲೂ ಯಾರೂ ಬದಲಿಸಿರಲಿಲ್ಲ. ಒಂದು ಗಂಟೆಗೆ ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ವಾರ್ಡಿನ ಯಂತ್ರಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಎರಡಕ್ಕೆ ಸಕ್ಕರೆ ಪರೀಕ್ಷೆ ಎಂದು ಬೆರಳು ಚುಚ್ಚಿದರು. ಮೂರೂವರೆಗೆ ಎಲ್ಲ ದೀಪ ಹಾಕಿ ಮೈ ಒರೆಸಿ ಬಟ್ಟೆ ಬದಲಿಸಿದರು, ಏಕೆಂದರೆ ಡ್ಯೂಟಿ ಬದಲಾಗುವ ಮೊದಲು ಎಂಟು ಜನರ ಮೈ ಒರೆಸಿ ಮುಗಿಸಬೇಕು. ಐದಕ್ಕೆ ರೌಂಡ್ಸ್ ಹೊತ್ತಿಗೆ ಚಿತ್ರ ಸಿಗಲೆಂದು ಎಕ್ಸ್-ರೇ. ಇವುಗಳ ನಡುವೆ ಕಾಲಿನಿಂದ ತೆರೆಯುವ ಕಸದ ಡಬ್ಬಿಯ ಮುಚ್ಚಳ ಆ ರಾತ್ರಿ ಎಷ್ಟು ಸಲ ಢಣ್ ಎಂದಿತೆಂದು ಎಣಿಸುವುದನ್ನು ನಾನು ನಡುವೆಯೇ ಬಿಟ್ಟೆ. ಅದು ಇದ್ದದ್ದು ರೋಗಿಯ ತಲೆಯಿಂದ ನಾಲ್ಕಡಿ ದೂರದಲ್ಲಿ. ಮರುದಿನ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಮುಚ್ಚಳದ ಅಂಚಿಗೆ ಅಂಟಿಸಿದೆವು. ಹತ್ತು ವರ್ಷ ಅದೇ ವಾರ್ಡಿನಲ್ಲಿ ಓಡಾಡಿದ ನನಗೆ ಅಲ್ಲಿಯತನಕ ಆ ಸದ್ದು ಕೇಳಿಸಿಯೇ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯ ಮಲಗುವ ಕೋಣೆಗಳಲ್ಲಿ ರಾತ್ರಿಯ ಸರಾಸರಿ ಸದ್ದು 30 ಡೆಸಿಬಲ್ ಮೀರಬಾರದೆಂದು 1999ರಲ್ಲಿಯೇ ಹೇಳಿದೆ. ಐಸಿಯುಗಳಲ್ಲಿ ಅಳೆದಾಗ ಸಾಮಾನ್ಯವಾಗಿ ಸಿಗುವುದು 50ರಿಂದ 60. ಹಾಗೆಂದು ಎಲ್ಲವನ್ನೂ ಸದ್ದಿನ ತಲೆಗೆ ಕಟ್ಟುವುದೂ ತಪ್ಪು. ಕೆನಡಾದ ಟೊರಾಂಟೊದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸದ್ದು ಮತ್ತು ಆರೈಕೆಯ ಕೆಲಸಗಳು ಎರಡೂ ಸೇರಿ ರೋಗಿಗಳ ಎಚ್ಚರಗಳಲ್ಲಿ ಶೇಕಡಾ 30ಕ್ಕಿಂತ ಕಡಿಮೆ ಪಾಲಿಗೆ ಕಾರಣವಾಗಿದ್ದವು. ಉಳಿದದ್ದು ಕಾಯಿಲೆಯದೇ: ನೋವು, ಕೆಮ್ಮು, ಉಸಿರಿಗಾಗಿ ಪಡುವ ಶ್ರಮ, ಯಂತ್ರಕ್ಕೂ ಎದೆಗೂ ಹೊಂದಾಣಿಕೆಯಾಗದಿರುವುದು, ಔಷಧಗಳು. ಅದಕ್ಕಾಗಿಯೇ ಕಿವಿಗೆ ಹತ್ತಿ ತುರುಕಿಬಿಟ್ಟರೆ ನಿದ್ದೆ ಬಂದುಬಿಡುತ್ತದೆಂದು ನಾನು ಹೇಳಲಾರೆ. ಹಲವು ಸಣ್ಣ ಅಡ್ಡಿಗಳನ್ನು ಒಂದೊಂದಾಗಿ ತೆಗೆಯಬೇಕು, ಮತ್ತು ರಾತ್ರಿಯ ಕೆಲವು ಗಂಟೆಗಳನ್ನು ಆಂಟಿಬಯೋಟಿಕ್ ಕೊಡುವ ಹೊತ್ತನ್ನು ಕಾಪಾಡಿದ ಹಾಗೆಯೇ ಕಾಪಾಡಬೇಕು. ಇದೇ ನನ್ನ ಉತ್ತರದ ತಿರುಳು.

ಆಸ್ಪತ್ರೆಯವರು ಮಾಡಬಹುದಾದದ್ದನ್ನು ಮೊದಲು ಹೇಳುತ್ತೇನೆ. ನೀವು ಜಗಳದ ದನಿಯಲ್ಲಲ್ಲದೆ ವಿನಯದಿಂದ ಕೇಳಬಹುದಾದ ಪ್ರಶ್ನೆಗಳಿವು. ನಿಮ್ಮ ತಂದೆಯವರಂಥ ಹಳೆಯ ಶ್ವಾಸಕೋಶದ ರೋಗಿಗಳಲ್ಲಿ ರಕ್ತದ ಆಮ್ಲಜನಕ ಶೇಕಡಾ 88ರಿಂದ 92ರ ನಡುವೆ ಇದ್ದರೆ ಸಾಕೆಂದು ವೈದ್ಯರು ಗುರಿ ಇಟ್ಟುಕೊಳ್ಳುತ್ತಾರೆ. ಆದರೆ ಮಾನಿಟರಿನ ಅಲಾರಂ 90ಕ್ಕಿಂತ ಇಳಿದರೆ ಕೂಗಬೇಕೆಂದು ಇಟ್ಟಿದ್ದರೆ, ಗುರಿಯೊಳಗೇ ಇರುವ ರೋಗಿಗಾಗಿ ಯಂತ್ರ ರಾತ್ರಿಯಿಡೀ ಬೊಬ್ಬೆ ಹಾಕುತ್ತದೆ. ಅಲಾರಂ ಮಿತಿಯನ್ನು ರೋಗಿಗೆ ತಕ್ಕಂತೆ ಬದಲಿಸಲು ವೈದ್ಯರ ಒಂದು ಆದೇಶ ಸಾಕು. ನಮ್ಮ ಬೇಸಿಗೆಯಲ್ಲಿ ಬೆವರಿಗೆ ಎದೆಯ ಮೇಲಿನ ಇಸಿಜಿ ಅಂಟುಗಳು ಸಡಿಲವಾಗಿ ಸುಳ್ಳು ಅಲಾರಂ ಹೊಡೆದುಕೊಳ್ಳುತ್ತವೆ. ಚರ್ಮ ಒರೆಸಿ ದಿನಕ್ಕೊಮ್ಮೆ ಹೊಸದು ಅಂಟಿಸಿದರೆ ಇವು ಕಡಿಮೆಯಾಗುತ್ತವೆ. ಮೈ ಒರೆಸುವುದನ್ನು ಸಂಜೆಗೆ ತರಬಹುದು. ಜ್ವರ, ಸಕ್ಕರೆ, ರಕ್ತ ತೆಗೆಯುವುದು, ಮಗ್ಗುಲು ಬದಲಿಸುವುದನ್ನು ಒಂದೇ ಸಲಕ್ಕೆ ಸೇರಿಸಿ ಮಾಡಿ, ನಡುವೆ ಕನಿಷ್ಠ ಎರಡು ಗಂಟೆ ಮುಟ್ಟದೆ ಬಿಟ್ಟರೆ ಒಂದು ಪೂರ್ತಿ ನಿದ್ದೆಯ ಸುತ್ತಿಗೆ ಅವಕಾಶ ಸಿಗುತ್ತದೆ. ರೋಗಿ ಅಸ್ಥಿರನಾಗಿದ್ದ ದಿನ ಇದಾವುದೂ ನಡೆಯುವುದಿಲ್ಲ ಎಂಬುದನ್ನೂ ನೀವು ಒಪ್ಪಿಕೊಳ್ಳಬೇಕು. ಮಗ್ಗುಲು ಬದಲಿಸುವುದನ್ನು ನಿದ್ದೆಯ ನೆಪದಲ್ಲಿ ಕೈಬಿಟ್ಟರೆ ಬೆನ್ನಿಗೆ ಹುಣ್ಣಾಗುತ್ತದೆ.

ಔಷಧದ ಚೀಟಿಯನ್ನು ನಿದ್ದೆಯ ಕಣ್ಣಿನಿಂದ ಒಮ್ಮೆ ನೋಡಲು ಕೇಳಿ. ದಮ್ಮಿಗೆ ಕೊಡುವ ಸ್ಟೀರಾಯ್ಡ್ ಮನಸ್ಸನ್ನು ಚುರುಕುಗೊಳಿಸಿ ನಿದ್ದೆ ಓಡಿಸುತ್ತದೆ. ದಿನಕ್ಕೊಂದೇ ಸಲದ ಮಟ್ಟಕ್ಕೆ ಬಂದಾಗ ಅದನ್ನು ಬೆಳಿಗ್ಗೆ ಕೊಡುವುದು ವಾಸಿ. ನಮ್ಮಲ್ಲಿ ಇನ್ನೂ ಧಾರಾಳವಾಗಿ ಬಳಕೆಯಲ್ಲಿರುವ ದಮ್ಮಿನ ಔಷಧ ಡೆರಿಫಿಲಿನ್ ಕಾಫಿಯ ಕೆಫೀನಿನ ಹತ್ತಿರದ ಬಂಧು. ಎದೆ ಡವಗುಟ್ಟಿಸಿ ಎಚ್ಚರವಾಗಿಡುತ್ತದೆ. ತುರಿಕೆಗೋ ನೆಗಡಿಗೋ ಕೊಡುವ ಅವಿಲ್ ಇಂಜೆಕ್ಷನ್ನು ನಿದ್ದೆಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ, ಆದರೆ ವಯಸ್ಸಾದವರಲ್ಲಿ ಅದು ಸನ್ನಿಯನ್ನು ಕೆರಳಿಸಬಲ್ಲದು. ಮೆಲಟೋನಿನ್ ಮಾತ್ರೆಯ ಬಗ್ಗೆ ಈಚೆಗೆ ಬಹಳ ಜನ ಕೇಳುತ್ತಾರೆ. ಕತ್ತಲಾದಾಗ ಮೆದುಳಿನಲ್ಲಿ ತಾನಾಗಿ ಒಸರುವ, ಬೆಳಕು ಬಿದ್ದರೆ ನಿಲ್ಲುವ ವಸ್ತುವದು. ಕೊಟ್ಟರೆ ಹೆಚ್ಚಿನ ಹಾನಿಯಿಲ್ಲ, ಉಸಿರಾಟವನ್ನೂ ಅದು ತಗ್ಗಿಸುವುದಿಲ್ಲ, ಕೆಲವು ವೈದ್ಯರು ಕೊಡುತ್ತಾರೆ. ಆದರೆ ಆಸ್ಟ್ರೇಲಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಐಸಿಯು ರೋಗಿಗಳಿಗೆ ರಾತ್ರಿ 4 ಮಿಲಿಗ್ರಾಂ ಕೊಟ್ಟು ನೋಡಿದಾಗ ಸನ್ನಿ ಕಡಿಮೆಯಾಗಲಿಲ್ಲ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸದೆ ಮೆಲಟೋನಿನ್ ಬರೆಯುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ರೋಗಿ ತನಗೇ ಅಪಾಯ ಮಾಡಿಕೊಳ್ಳುವಷ್ಟು ಉದ್ರಿಕ್ತನಾದರೆ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಔಷಧವನ್ನು ಪಂಪಿನ ಮೂಲಕ ಸಣ್ಣಗೆ ಹರಿಸುವುದುಂಟು. ಅದು ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ಆದರೆ ನಾಡಿಯನ್ನೂ ಬಿಪಿಯನ್ನೂ ಇಳಿಸುವುದರಿಂದ ನಿಗಾ ಬೇಕು. ಅದು ವೈದ್ಯರ ತೀರ್ಮಾನ.

ಬೈಪ್ಯಾಪ್ ಮಾಸ್ಕಿನ ಬಗ್ಗೆ ಒಂದು ಮಾತು, ಏಕೆಂದರೆ ಅವರು ಅದನ್ನು ಕಿತ್ತೆಸೆಯುತ್ತಿರುವುದಕ್ಕೆ ಸನ್ನಿಯೊಂದೇ ಕಾರಣವಲ್ಲದಿರಬಹುದು. ಮುಂದಿನ ಸಲ ಒಳಗೆ ಹೋದಾಗ ಅವರ ಕಣ್ಣ ಬಳಿ ನಿಮ್ಮ ಬೆನ್ನಂಗೈ ಹಿಡಿದು ನೋಡಿ. ಗಾಳಿ ಸುಯ್ಯೆಂದು ಬಡಿಯುತ್ತಿದ್ದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಆ ಗಾಳಿ ಕಣ್ಣು ಒಣಗಿಸಿ ಉರಿ ಎಬ್ಬಿಸುತ್ತದೆ, ಸೋರಿಕೆ ತುಂಬಲು ಯಂತ್ರ ಮತ್ತಷ್ಟು ಊದುತ್ತದೆ. ಸೋರುತ್ತದೆಂದು ಪಟ್ಟಿ ಬಿಗಿದರೆ ಮೂಗಿನ ಎಲುಬಿನ ಮೇಲೆ ಗಾಯವಾಗುತ್ತದೆ. ಹಲ್ಲಿನ ಸೆಟ್ ತೆಗೆದಿಟ್ಟಿದ್ದರೆ ಕೆನ್ನೆ ಒಳಗಿಳಿದು ಯಾವ ಮಾಸ್ಕೂ ಕೂರುವುದಿಲ್ಲ. ನೀವಾಗಿ ಏನನ್ನೂ ಬದಲಿಸಬೇಡಿ, ಸಿಸ್ಟರಿಗೆ ತೋರಿಸಿ. ಅಳತೆ ಬದಲಿಸಿ, ಮೂಗಿನ ಮೇಲೆ ಮೆತ್ತನೆಯ ಪಟ್ಟಿ ಇಟ್ಟು, ಬಾಯಿಗೆ ನೀರು ಸವರಿ ಮತ್ತೆ ಹಾಕಿದರೆ ಎಷ್ಟೋ ಜನ ಸುಮ್ಮನಾಗುವುದನ್ನು ನೋಡಿದ್ದೇನೆ. ಕೈ ಕಟ್ಟಿಹಾಕುವುದು ಕೊನೆಯ ದಾರಿ. ಕಟ್ಟಿದ ಕೈ ಸನ್ನಿಯನ್ನು ಹೆಚ್ಚಿಸುತ್ತದೆ.

ಇನ್ನು ನಿಮ್ಮ ಪಾಲು. ಅವರ ಕನ್ನಡಕವನ್ನೂ ಕಿವಿಯ ಯಂತ್ರ ಇದ್ದರೆ ಅದನ್ನೂ ಮನೆಯಿಂದ ತಂದುಕೊಡಿ. ಕಳೆದುಹೋಗುತ್ತದೆಂದು ಚೀಲದಲ್ಲಿ ಕಟ್ಟಿಟ್ಟುಕೊಂಡು ಹೊರಗೆ ಕೂತವರೇ ಹೆಚ್ಚು. ಕಣ್ಣಿಗೆ ಕಾಣುವಲ್ಲಿ ದೊಡ್ಡ ಅಂಕಿಗಳ ಗಡಿಯಾರ ತೂಗುಹಾಕಲು ಕೇಳಿ. ಭೇಟಿಯ ಹೊತ್ತಿನಲ್ಲಿ ನಾಲ್ಕೈದು ಮಂದಿ ಸರದಿಯಲ್ಲಿ ಬಂದು "ನನ್ನ ಗುರ್ತು ಸಿಕ್ಕಿತೇನು?" ಎಂದು ಪರೀಕ್ಷೆ ಮಾಡುವುದು ಬೇಡ, ಅವರು ಹೆಚ್ಚು ನಂಬುವ ಒಬ್ಬರೋ ಇಬ್ಬರೋ ದಿನವೂ ಹೋಗಲಿ, ಕೈ ಹಿಡಿದು ಮನೆಯ ಮಾತಿನಲ್ಲಿಯೇ ಹೇಳಲಿ: "ಯಪ್ಪಾ, ಇವತ್ತ ಗುರುವಾರ, ರಾತ್ರಿ ಎಂಟಾಗೇದ. ನೀ ರಾಯಚೂರ ದವಾಖಾನ್ಯಾಗ ಅದಿ, ದಮ್ಮು ಕಡಿಮಿ ಆಗಾಕ ಹತ್ತೇದ. ನಾ ಇಲ್ಲೇ ಹೊರಗ ಅದೀನಿ." ದೊಡ್ಡಪ್ಪ ಬಂದಿದ್ದಾನೆ ಎಂದರೆ ಇಲ್ಲವೆಂದು ವಾದಿಸಬೇಡಿ, ಹೌದೆಂದು ಒಪ್ಪಲೂ ಬೇಡಿ, "ನನಗ ಕಾಣವಲ್ದು ಯಪ್ಪಾ, ನೀ ಅಂಜಬ್ಯಾಡ" ಎಂದು ಮಾತನ್ನು ಮಗಳ ಕಡೆಗೋ ಹೊಲದ ಕಡೆಗೋ ತಿರುಗಿಸಿ. ಮನೆಯವರಿಗೆ ಹೆಚ್ಚು ಹೊತ್ತು ಭೇಟಿ ಕೊಟ್ಟರೆ ಸನ್ನಿ ಕಡಿಮೆಯಾಗುತ್ತದೆಯೇ ಎಂದು ಬ್ರೆಜಿಲಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಆದರೆ ಮನೆಯವರ ಆತಂಕ ಇಳಿಯಿತು. ಅದೂ ಸಣ್ಣದಲ್ಲ.

ರಾತ್ರಿಯ ನಿದ್ದೆಗೆ ಹಗಲಿನಲ್ಲಿಯೇ ತಯಾರಿ ನಡೆಯಬೇಕು. ಬೆಳಿಗ್ಗೆ ಪರದೆ ಸರಿಸಿ ಬಿಸಿಲ ಬೆಳಕು ಮುಖದ ಕಡೆ ಬರುವಂತೆ ಮಾಡಿದರೆ, ಫಿಸಿಯೋಥೆರಪಿಯವರು ಹಾಸಿಗೆಯ ಅಂಚಿನಲ್ಲಿ, ಸಾಧ್ಯವಾದರೆ ಕುರ್ಚಿಯಲ್ಲಿ ಕೂರಿಸಿದರೆ, ದೇಹದ ಗಡಿಯಾರಕ್ಕೆ ಹಗಲು ಯಾವುದೆಂದು ಗೊತ್ತಾಗುತ್ತದೆ. ಬೇಗನೆ ಎಬ್ಬಿಸಿ ಕೂರಿಸಿದವರಲ್ಲಿ ಸನ್ನಿಯ ದಿನಗಳು ಕಡಿಮೆಯಾಗುತ್ತವೆಂದು 2009ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಮಧ್ಯಾಹ್ನ ಅರ್ಧ ಮುಕ್ಕಾಲು ಗಂಟೆ ಮಲಗಲಿ, ಸಂಜೆ ಚಹಾ ಬೇಡ. ರಾತ್ರಿ ಹತ್ತರ ಮೇಲೆ ತಲೆಯ ಮೇಲಿನ ದೀಪ ಆರಿಸಲು ಕೇಳಿ. ತೊಳೆದ ಮೆತ್ತನೆಯ ಹತ್ತಿ ಬಟ್ಟೆಯ ಕಣ್ಪಟ್ಟಿಯನ್ನೂ ಕಿವಿಗೆ ಫೋಮಿನ ಬಿರಡೆಯನ್ನೂ ವೈದ್ಯರು ಒಪ್ಪಿದರೆ ಬಳಸಬಹುದು. ಬೆಲ್ಜಿಯಂನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ರಾತ್ರಿಯಿಂದಲೇ ಬಿರಡೆ ಹಾಕಿಕೊಂಡವರಲ್ಲಿ ಗೊಂದಲ ಕಡಿಮೆ ಇತ್ತು. ಆದರೆ ಈಗಾಗಲೇ ಸನ್ನಿಯಲ್ಲಿರುವವರ ಕಣ್ಣು ಕಿವಿ ಒಟ್ಟಿಗೆ ಮುಚ್ಚಿದರೆ ಗಾಬರಿಯಾಗಬಹುದು. ಒಂದನ್ನೇ, ಅವರು ಬೇಡವೆಂದರೆ ತಾವೇ ತೆಗೆಯುವಂತೆ, ಹಾಕಿ ನೋಡುವುದು ಸರಿ.

ಮನೆಗೆ ಬಂದ ಮೇಲೂ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ನಿದ್ದೆ ಒಡೆಯುತ್ತದೆ, ಐಸಿಯುನ ಕೆಟ್ಟ ಕನಸು ಬೀಳುತ್ತದೆ. ಆಗ ನೆರೆಯವರ ಮಾತು ಕೇಳಿ ಮೆಡಿಕಲ್ ಅಂಗಡಿಯಿಂದ ಆಲ್‌ಪ್ರಾಜೋಲಾಮ್ ತರಬೇಡಿ, ಅವರ ಶ್ವಾಸಕೋಶಕ್ಕೆ ಅದು ಅಲ್ಲಿಯೂ ಅಪಾಯವೇ. ಮೊದಲಿನಿಂದಲೂ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತಿದ್ದರೆ ಮರುಭೇಟಿಯ ದಿನ ವೈದ್ಯರಿಗೆ ಅದನ್ನು ಹೇಳಿ; ಆ ಗೊರಕೆಗೂ ಪರೀಕ್ಷೆಯಿದೆ, ಮತ್ತು ಈಗ ಬೇಡವೆಂದು ಕಿತ್ತೆಸೆಯುತ್ತಿರುವ ಬೈಪ್ಯಾಪನ್ನೇ ಮನೆಯಲ್ಲಿ ರಾತ್ರಿ ಹಾಕಿಕೊಳ್ಳಲು ಅವರಿಗೆ ಹೇಳಬೇಕಾಗಿ ಬರಬಹುದು.